ಕಂಬಳಿ ಹೊದ್ದ ಕುಕ್ಕರ್

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದ ತಾರೀಖುಗಳ ಸಾಲೊಂದಿದೆ. ಹೊಸ ಗ್ಯಾಸ್ ಸಿಲಿಂಡರ್ ಜೋಡಿಸಿದ ದಿನವನ್ನು ಅಲ್ಲಿ ಗುರುತು ಹಾಕುವುದು ಹನುಮಂತನಗರದ ಈ ಬಾಡಿಗೆ ಮನೆಗೆ ಬಂದಾಗಿನಿಂದ ನನಗಿರುವ ಅಭ್ಯಾಸ. ಮೂರು ವರ್ಷದ ಹಿಂದೆ, ಡಿಸೆಂಬರಿನ ಒಂದು ಬೆಳಿಗ್ಗೆ, ಹಾಲು ಉಕ್ಕುವವರೆಗೆ ಸುಮ್ಮನೆ ಆ ಸಾಲನ್ನು ಓದುತ್ತಾ ನಿಂತಿದ್ದೆ. ಬೇಸಿಗೆಯಲ್ಲಿ 40 ದಿನ ಬಂದಿದ್ದ 14.2 ಕಿಲೋ ಅನಿಲ, ಚಳಿ ಶುರುವಾದ ಮೇಲೆ 31 ದಿನಕ್ಕೇ ಮುಗಿದಿತ್ತು. ಮನೆಯಲ್ಲಿ ಅದೇ ಐದು ಜನ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಅಕ್ಕಿ, ಬೇಳೆಯ ಖರ್ಚು ಹೆಚ್ಚಾಗಿರಲಿಲ್ಲ. ಹಾಗಾದರೆ ಒಂಬತ್ತು ದಿನದ ಉರಿ ಎಲ್ಲಿಗೆ ಹೋಯಿತು?

ಆ ವರ್ಷ ಯಜಮಾನರಿಗೆ ಕಾರ್ಖಾನೆಯಲ್ಲಿ ಹೆಚ್ಚುವರಿ ಪಾಳಿ ನಿಂತುಹೋಗಿತ್ತು. ನಾನು ಹೊಲಿಗೆಯಿಂದ ತರುತ್ತಿದ್ದದ್ದು ಶಾಲೆಯ ಶುಲ್ಕಕ್ಕೇ ಸರಿಹೋಗುತ್ತಿತ್ತು. ದಿನಸಿ ಚೀಟಿಯಲ್ಲಿ ಯಾವುದನ್ನು ಹೊಡೆದುಹಾಕಲಿ ಎಂದು ರಾತ್ರಿ ಕುಳಿತು ನೋಡುತ್ತಿದ್ದೆ. ತುಪ್ಪ ಬಿಡಲೇ, ಮಕ್ಕಳ ಹಾಲು ಅರ್ಧ ಲೀಟರ್ ಕಡಿಮೆ ಮಾಡಲೇ ಎಂದು ಯೋಚಿಸಿದ್ದೂ ಉಂಟು. ತಟ್ಟೆಯಿಂದ ಕಿತ್ತುಕೊಂಡು ಉಳಿಸುವುದನ್ನು ನಾನು ಉಳಿತಾಯ ಎಂದು ಕರೆಯುವುದಿಲ್ಲ. ಆದ್ದರಿಂದ ಒಂದು ವಾರ ಒಲೆಯ ಪಕ್ಕದಲ್ಲಿ ಪುಸ್ತಕ ಇಟ್ಟು, ಹಚ್ಚಿದಾಗಲೆಲ್ಲಾ ಏತಕ್ಕೆ, ಎಷ್ಟು ನಿಮಿಷ ಎಂದು ಬರೆದೆ. ಅಡುಗೆ ಮಾಡುವುದಕ್ಕೆ ಹಿಡಿದ ಉರಿಯಷ್ಟೇ ಹೆಚ್ಚುಕಡಿಮೆ ಮಾಡಿದ್ದನ್ನು ಮತ್ತೆ ಬಿಸಿ ಮಾಡುವುದಕ್ಕೂ ಹೋಗುತ್ತಿತ್ತು. ಮಕ್ಕಳು ಏಳೂವರೆಗೆ ಉಣ್ಣುತ್ತಾರೆ, ಅತ್ತೆ ಎಂಟಕ್ಕೆ, ಯಜಮಾನರು ಬರುವುದು ಹತ್ತಕ್ಕೆ. ಸಾರು ಮೂರು ಸಲ ಕುದಿಯುತ್ತಿತ್ತು. ಅನ್ನ ತಣ್ಣಗಾಯಿತೆಂದು ಮತ್ತೊಮ್ಮೆ ಆವಿ. ಅದರ ಮೇಲೆ ಎರಡೆರಡು ಸಲ ಕಾಫಿ, ಸ್ನಾನಕ್ಕೆ ಒಂದು ಪಾತ್ರೆ ನೀರು.

ಈ ಪುಸ್ತಕವನ್ನು ಅತ್ತೆಗೆ ಓದಿ ಹೇಳಿದೆ. ಅವರು ಮಾಗಡಿ ಕಡೆಯವರು, ಸೌದೆ ಒಲೆಯಲ್ಲಿ ನಲವತ್ತು ವರ್ಷ ಬೇಯಿಸಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಒಲೆ ಆರಿದ ಮೇಲೂ ಕೆಂಡ ಕೆಲಸ ಮಾಡುತ್ತಿತ್ತು ಕಣಮ್ಮ. ಸಾರಿನ ಮಡಕೆಯನ್ನು ಅದರ ಮೇಲೆ ಬಿಟ್ಟು ಹೊಲಕ್ಕೆ ಹೋದರೆ ಬರುವ ಹೊತ್ತಿಗೂ ಬಿಸಿ ಇರುತ್ತಿತ್ತು. ನಿನ್ನ ಗ್ಯಾಸಿಗೆ ಕೆಂಡ ಎಲ್ಲಿದೆ?" ಎಂದರು.

ಆ ಮಾತು ತಲೆಯಲ್ಲಿ ಉಳಿಯಿತು. ಗ್ಯಾಸಿಗೆ ಕೆಂಡವಿಲ್ಲ ನಿಜ, ಆದರೆ ಕುದಿದ ಪಾತ್ರೆಯೊಳಗೆ ಇರುವ ಬಿಸಿಯನ್ನು ಹೊರಗೆ ಹೋಗದಂತೆ ತಡೆದರೆ ಅದೇ ಕೆಂಡದ ಕೆಲಸ ಮಾಡಬೇಕಲ್ಲವೇ? ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಇಳಿಸಿದೆ. ತಳಕ್ಕೆ ಮಡಿಸಿದ ಹಳೆಯ ಹತ್ತಿ ಸೀರೆಗಳು, ಸುತ್ತಲೂ ಅತ್ತೆಯ ಕರಿ ಕಂಬಳಿ, ನಡುವೆ ಕುಕ್ಕರ್ ಕೂರುವಷ್ಟು ಗುಳಿ, ಮೇಲೆ ಮುಚ್ಚಲು ಹತ್ತಿ ತುಂಬಿದ ದಿಂಬು. ಇಷ್ಟಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಕಂಬಳಿಯ ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಬಿಸಿಯನ್ನು ತಡೆಯುತ್ತದೆ. ಆದ್ದರಿಂದ ಬಟ್ಟೆಯನ್ನು ಅಮುಕಿ ಅಮುಕಿ ತುಂಬಬಾರದು, ಸಡಿಲವಾಗಿಯೇ ಇರಬೇಕು. ಇದು ಎರಡು ವಾರ ಮಾಡಿದ ಮೇಲೆ ತಿಳಿಯಿತು.

ಮೊದಲು ತೊಗರಿಬೇಳೆ. ಹಿಂದೆ ಐದು ಕೂಗು ಕೂಗಿಸುತ್ತಿದ್ದೆ. ಈಗ ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಎರಡು ಕೂಗು ಬಂದೊಡನೆ ಆರಿಸಿ, ಕುಕ್ಕರನ್ನು ಹಾಗೆಯೇ ಎತ್ತಿ ಟ್ರಂಕಿನಲ್ಲಿ ಇಟ್ಟು ಮುಚ್ಚುತ್ತೇನೆ. ನಲವತ್ತು ನಿಮಿಷ ಬಿಟ್ಟು ತೆಗೆದರೆ ಬೇಳೆ ಸೌಟಿನ ಬೆನ್ನಿಗೇ ಮಸೆದುಹೋಗುತ್ತದೆ. ಅನ್ನಕ್ಕೆ ಒಂದೇ ಕೂಗು, ಇಪ್ಪತ್ತು ನಿಮಿಷ ಕಂಬಳಿ. ಹುರುಳಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ನಾಲ್ಕು ಕೂಗಿಸಿ, ಒಂದು ಗಂಟೆ ಇಡುತ್ತೇನೆ. ರಾಜ್ಮಾ ಕಾಳನ್ನು ಮಾತ್ರ ಪೆಟ್ಟಿಗೆಗೆ ನಂಬಿ ಬಿಡುವುದಿಲ್ಲ. ಅದರಲ್ಲಿರುವ ನಂಜಿನ ಅಂಶ ಹೋಗಬೇಕಾದರೆ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಯಲೇಬೇಕು. ಅದನ್ನು ಒಲೆಯ ಮೇಲೆಯೇ ಪೂರ್ತಿ ಬೇಯಿಸುತ್ತೇನೆ.

ಒಂದು ಸಲ ಎಡವಿದೆ, ಅದನ್ನು ಹೇಳಲೇಬೇಕು. ಹೊಲಿಗೆಯ ಕೆಲಸ ಬಹಳವಿತ್ತು. ಬೆಳಿಗ್ಗೆ ಎಂಟಕ್ಕೆ ಅಗಲ ಪಾತ್ರೆಯೊಂದರಲ್ಲಿ ಅವರೆಕಾಳನ್ನು ಕುದಿಸಿ, ಅರ್ಧ ತುಂಬಿದ್ದ ಆ ಪಾತ್ರೆಯನ್ನು ಟ್ರಂಕಿನಲ್ಲಿಟ್ಟು ಹೊರಟೆ. ಸಂಜೆ ಆರಕ್ಕೆ ತೆಗೆದಾಗ ನೊರೆ ಎದ್ದು ಹಳಸಿದ ವಾಸನೆ ಬಂತು. ಒಂದು ಕಿಲೋ ಕಾಯಿಯ ಕಾಳು ಹೋಯಿತು. ಅರ್ಧ ಖಾಲಿ ಇರುವ ಪಾತ್ರೆಯಲ್ಲಿ ಬಿಸಿ ನಿಲ್ಲುವುದಿಲ್ಲ, ಬೆಚ್ಚಗಾಗಿ ಉಳಿದ ಆಹಾರ ತಣ್ಣಗಿರುವುದಕ್ಕಿಂತ ಬೇಗ ಕೆಡುತ್ತದೆ. ಅಂದಿನಿಂದ ಮುಕ್ಕಾಲು ತುಂಬಿದ ದಪ್ಪ ತಳದ ಪಾತ್ರೆಯನ್ನೇ ಇಡುತ್ತೇನೆ. ಮೂರು ಗಂಟೆಯೊಳಗೆ ತೆಗೆಯುತ್ತೇನೆ. ಮುಟ್ಟಿದರೆ ಕೈ ಸುಡುವಂತಿಲ್ಲದಿದ್ದರೆ ಮತ್ತೆ ಒಮ್ಮೆ ಚೆನ್ನಾಗಿ ಕುದಿಸದೆ ಯಾರಿಗೂ ಬಡಿಸುವುದಿಲ್ಲ.

ಹತ್ತು ಗಂಟೆಯ ಊಟದ ಕಥೆಯೂ ಇದರಿಂದಲೇ ಬಗೆಹರಿಯಿತು. ಎಂಟಕ್ಕೆ ಸಾರನ್ನು ಒಮ್ಮೆ ಚೆನ್ನಾಗಿ ಕುದಿಸಿ ಒಳಗಿಟ್ಟರೆ ಹತ್ತಕ್ಕೆ ಹಬೆಯಾಡುತ್ತಲೇ ಇರುತ್ತದೆ. ಯಜಮಾನರು ಈಗ ಬಂದೊಡನೆ ತಾವೇ ಟ್ರಂಕ್ ತೆರೆದು ಬಡಿಸಿಕೊಳ್ಳುತ್ತಾರೆ.

ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಬಸ್ಸಾರು. ಒಂದೇ ಉರಿಯಲ್ಲಿ ಎರಡು ಪದಾರ್ಥ ಕೊಡುವ ಇಂಥ ಅಡುಗೆ ಇನ್ನೊಂದನ್ನು ನಾನು ಕಂಡಿಲ್ಲ. ಹುರುಳಿ ಅಥವಾ ಒಣ ಅವರೆಕಾಳು ಬೇಯುತ್ತಾ ಬಂದಾಗ ದಂಟಿನ ಸೊಪ್ಪನ್ನೋ ಕೀರೆಯನ್ನೋ ಹಾಕಿ, ಬೆಂದ ಮೇಲೆ ನೀರನ್ನು ಬಸಿಯಬೇಕು. ಬಸಿದ ಆ ಕಟ್ಟಿನಲ್ಲೇ ಕಾಳಿನ ಸಾರವೆಲ್ಲಾ ಇಳಿದಿರುತ್ತದೆ. ಒಂದು ಹಿಡಿ ಬೆಂದ ಕಾಳು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು, ಧನಿಯ, ಸ್ವಲ್ಪ ತೆಂಗಿನತುರಿ, ಹುಣಸೆ ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿದರೆ ಸಾರು. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಮೆಣಸನ್ನು ಚಳಿಯಲ್ಲಿ ಒಂದೆರಡು ಕಾಳು ಹೆಚ್ಚಾಗಿಯೇ ಹಾಕುತ್ತೇನೆ. ಜೊತೆಗೆ ರಾಗಿಮುದ್ದೆ. ಬಸ್ಸಾರು ಮರುದಿನಕ್ಕೆ ಇನ್ನೂ ರುಚಿ ಎಂದು ನಮ್ಮ ಕಡೆಯವರೆಲ್ಲಾ ಹೇಳುತ್ತಾರೆ, ಅದು ಸತ್ಯ. ದಂಟಿನ ಸೊಪ್ಪಿನ ದಪ್ಪ ಕಾಂಡವನ್ನು ಎಸೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಾರು ತೆಗೆದು ಸಾರಿಗೆ ಹಾಕಿದರೆ ಮಕ್ಕಳು ಅದನ್ನೇ ಹುಡುಕಿ ತಿನ್ನುತ್ತಾರೆ.

ಇನ್ನು ಅವರೆಕಾಯಿ. ಡಿಸೆಂಬರ್, ಜನವರಿ ಬಂತೆಂದರೆ ಬೆಂಗಳೂರಿನ ರಸ್ತೆ ಬದಿಯಲ್ಲಿ ಹಸಿರು ರಾಶಿ. ಕೃಷಿ ವಿಶ್ವವಿದ್ಯಾಲಯದವರು ಹೊರತಂದ ಹೆಬ್ಬಾಳ ಅವರೆಯ ತಳಿಗಳಿಂದಾಗಿ ಈಗ ವರ್ಷದ ಬೇರೆ ತಿಂಗಳುಗಳಲ್ಲೂ ಕಾಯಿ ಕಾಣಸಿಗುತ್ತದೆ. ಆದರೂ ಹಗಲು ಚಿಕ್ಕದಾದಾಗಲೇ ಹೂ ಬಿಡುವ ನಾಡ ಅವರೆಯ ಸೊಗಡು ಬೇರೆ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಎನ್ನುವುದು ಅತ್ತೆಯ ಮಾತು. ಅವರು ಕಾಯನ್ನು ಕಣ್ಣಿನಿಂದ ನೋಡಿ ಕೊಳ್ಳುವುದಿಲ್ಲ. ಬೆರಳಿನಲ್ಲಿ ಉಜ್ಜಿ ಮೂಸುತ್ತಾರೆ. ಕೈಗೆ ಎಣ್ಣೆಯಂತೆ ಜಿಗುಟು ಹತ್ತಿ, ಗಮ ಹೋಗದೆ ನಿಂತರೆ ಮಾತ್ರ ಚೀಲ ತೆರೆಯುತ್ತಾರೆ.

ಬಿಡಿಸಿದ ಕಾಳನ್ನೂ ಹಿತಕಿದ ಬೇಳೆಯನ್ನೂ ಅಳೆದು ಮಾರುವವರು ಈಗ ಎಲ್ಲೆಡೆ ಇದ್ದಾರೆ. ಕಚೇರಿಯಿಂದ ದಣಿದು ಬರುವವರಿಗೆ ಅದು ಉಪಕಾರವೇ. ನಮಗೆ ಆಗುವುದಿಲ್ಲ. ಒಂದು ಕಿಲೋ ಕಾಯಿ ಬಿಡಿಸಿದರೆ ಅರ್ಧ ಕಿಲೋ ಕಾಳೂ ಬರುವುದಿಲ್ಲ, ಆದರೂ ಕೂಲಿ ನಮ್ಮದೇ ಆದ್ದರಿಂದ ಲೆಕ್ಕ ನಮ್ಮ ಕಡೆಗೇ ವಾಲುತ್ತದೆ. ಋತು ಏರಿ ಬೆಲೆ ಇಳಿದಾಗ ಐದು ಕಿಲೋ ಒಟ್ಟಿಗೆ ತರುತ್ತೇನೆ. ಭಾನುವಾರ ಮಧ್ಯಾಹ್ನ ಹಳೆಯ ದಿನಪತ್ರಿಕೆ ಹಾಸಿ ಐದೂ ಜನ ಸುತ್ತ ಕುಳಿತರೆ ಎರಡು ಗಂಟೆಯ ಕೆಲಸ. ಹುಳು ಹೊಕ್ಕಿದ್ದನ್ನು ಹುಡುಕುವುದರಲ್ಲಿ ಮಗನ ಕಣ್ಣು ಚುರುಕು. ಎಳೆಯ ಕಾಳು ಉಪ್ಪಿಟ್ಟಿಗೆ, ಅಕ್ಕಿರೊಟ್ಟಿಗೆ. ಬಲಿತ ದಪ್ಪ ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತಕಿ ಸಾರಿಗೆ. ತೀರಾ ಬಲಿತದ್ದನ್ನು ಮಹಡಿಯ ಬಿಸಿಲಿನಲ್ಲಿ ಗಲಗಲ ಎನ್ನುವವರೆಗೆ ಒಣಗಿಸಿ ಡಬ್ಬಿಗೆ, ಅದು ಮಾರ್ಚಿನ ಬಸ್ಸಾರಿಗೆ ಆಗುತ್ತದೆ. ಸಿಪ್ಪೆ ಗವಿಪುರದಲ್ಲಿ ಹಸು ಕಟ್ಟಿರುವವರೊಬ್ಬರ ಮನೆಗೆ. ಅವರು ಕೊಡುವ ಗೊಬ್ಬರದಲ್ಲಿ ಮಹಡಿಯ ಕುಂಡಗಳಲ್ಲಿ ಮೆಂತ್ಯ ಸೊಪ್ಪು ಬೆಳೆಯುತ್ತದೆ. ವರ್ಷಕ್ಕೊಮ್ಮೆ ಅವರೆಬೇಳೆ ಮೇಳಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಬಿಸಿ ದೋಸೆ ತಿನ್ನಿಸುವ ದುಡ್ಡನ್ನು ನಾನು ಎಂದೂ ಲೆಕ್ಕದಲ್ಲಿ ಕಡಿದಿಲ್ಲ.

ಕಡಲೆಕಾಯಿಯದೂ ಹೀಗೆಯೇ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆ ನಮಗೆ ನಡೆದು ಹೋಗುವ ದೂರ. ಜನಜಂಗುಳಿ ಕರಗಿ, ರೈತರು ಗೋಣಿ ಮಡಿಸುವ ಹೊತ್ತಿಗೆ ಹೋದರೆ ಸೇರಿಗೆ ಸ್ವಲ್ಪ ಇಳಿಸಿ ಕೊಡುತ್ತಾರೆ. ಅದಕ್ಕಿಂತ ಕೆಳಗೆ ನಾನು ಚೌಕಾಸಿ ಮಾಡುವುದಿಲ್ಲ. ದೂರದಿಂದ ಹೊತ್ತು ತಂದವರು ಅವರು. ಹಸಿಯದನ್ನು ನಾಲ್ಕು ಬಿಸಿಲು ಒಣಗಿಸಿದರೆ ಸಂಕ್ರಾಂತಿಯ ಎಳ್ಳಿಗೆ ಬೀಜ ಹೊಂದುತ್ತದೆ. ಕಾಯಿ ತುಟ್ಟಿಯಾದ ದಿನಗಳಲ್ಲಿ ತೆಂಗಿನಕಾಯಿ ಚಟ್ನಿಯ ಬದಲು ಕಡಲೆಕಾಯಿ ಚಟ್ನಿಯೂ ಆಗುತ್ತದೆ.

ಚಳಿಯಲ್ಲಿ ದೋಸೆಹಿಟ್ಟು ಉಬ್ಬುವುದಿಲ್ಲ, ಮೊಸರು ಹೆಪ್ಪುಗಟ್ಟುವುದಿಲ್ಲ ಎಂಬ ದೂರು ಬೆಂಗಳೂರಿನ ಪ್ರತಿ ಮನೆಯದ್ದು. ಹಿಂದೆ ನಾನೂ ಹುಳಿ ಬಾರದ ಹಿಟ್ಟನ್ನು ಚೆಲ್ಲಲಾರದೆ ಗಟ್ಟಿ ಇಡ್ಲಿ ಮಾಡಿ ಎಲ್ಲರಿಗೂ ಬೇಸರ ತಂದಿದ್ದೇನೆ. ಈಗ ರಾತ್ರಿ ಅಡುಗೆ ಮುಗಿದು ಕುಕ್ಕರ್ ಹೊರಬಂದ ಮೇಲೂ ಟ್ರಂಕ್ ಬೆಚ್ಚಗೇ ಇರುತ್ತದೆ. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕಿ ರುಬ್ಬಿದ ಹಿಟ್ಟನ್ನು ಅದೇ ಗುಳಿಯಲ್ಲಿ ಇಡುತ್ತೇನೆ. ಪಾತ್ರೆಯಲ್ಲಿ ಮೇಲೆ ಅರ್ಧ ಜಾಗ ಬಿಟ್ಟಿರಬೇಕು, ಇಲ್ಲದಿದ್ದರೆ ಕಂಬಳಿ ತೊಳೆಯುವ ಕೆಲಸ ಬರುತ್ತದೆ. ಮೊಸರಿಗೆ ಹಾಲು ಬೇಸಿಗೆಗಿಂತ ಸ್ವಲ್ಪ ಹೆಚ್ಚು ಬಿಸಿ, ಹೆಪ್ಪೂ ಒಂದು ಚಮಚ ಹೆಚ್ಚು. ಬೆಳಿಗ್ಗೆ ಎರಡೂ ಸಿದ್ಧ.

ನೀರಿನ ಬಿಸಿಯದು ಬೇರೆ ಲೆಕ್ಕ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ನಮ್ಮ ಮೀಟರ್ ಒಂದು ಡಿಸೆಂಬರಿನಲ್ಲಿ 212 ತೋರಿಸಿತ್ತು. ಕಾರಣ ಗೀಸರ್. ಒಂದು ಬಕೆಟ್, ಅಂದರೆ 15 ಲೀಟರ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ತರಲು ಸುಮಾರು 0.35 ಯೂನಿಟ್ ಬೇಕು. ಐವರಿಗೆ ದಿನಕ್ಕೊಂದು ಬಕೆಟ್ ಎಂದರೂ ತಿಂಗಳಿಗೆ 50 ಯೂನಿಟ್ ದಾಟುತ್ತದೆ. ನಮ್ಮಲ್ಲಿ ಎರಡೆರಡು ಬಕೆಟ್ ಹೋಗುತ್ತಿತ್ತು, ಜೊತೆಗೆ ಗುಂಡಿ ಆರಿಸುವುದನ್ನು ಮರೆಯುವುದು ಬೇರೆ. ಈಗ ಬೆಳಿಗ್ಗೆ ಒಮ್ಮೆ ಹಾಕಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಆರಿಸಿಬಿಡುತ್ತೇವೆ. ಅತ್ತೆಗೆ ಮಾತ್ರ ಮಧ್ಯಾಹ್ನದ ಸ್ನಾನ. ಬೆಳಿಗ್ಗೆ ಒಂಬತ್ತಕ್ಕೆ ಮಹಡಿಯ ಮೇಲೆ ಮುಚ್ಚಳವಿರುವ ಕಪ್ಪು ಬಕೆಟಿನಲ್ಲಿ ನೀರಿಟ್ಟರೆ, ಡಿಸೆಂಬರಿನ ತಿಳಿ ಬಿಸಿಲಿಗೆ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನೀರಿನ ಚಳಿ ಬಿಟ್ಟಿರುತ್ತದೆ. ಒಂದು ಚೊಂಬು ಬಿಸಿನೀರು ಬೆರೆಸಿದರೆ ಸಾಕು. ಮೋಡದ ದಿನ ಅವರಿಗೂ ಗೀಸರ್ ಹಾಕುತ್ತೇನೆ. ಎಪ್ಪತ್ತು ದಾಟಿದವರನ್ನು ತಣ್ಣೀರಿನಲ್ಲಿ ನಡುಗಿಸಿ ಉಳಿಸುವ ಯೂನಿಟ್ ನಮಗೆ ಬೇಡ.

ಬಾಗಿಲ ಹಿಂದಿನ ಸಾಲು ಮುಂದುವರಿದಿದೆ. ಟ್ರಂಕ್ ಇಳಿಸಿದ ವರ್ಷದ ಚಳಿಗಾಲದ ಎರಡನೆಯ ಸಿಲಿಂಡರ್ 43 ದಿನ ಬಂತು, ಕಳೆದ ವರ್ಷದ್ದು 46. ಮಕ್ಕಳ ಹಾಲು ಅಷ್ಟೇ ಇದೆ, ಮುದ್ದೆಗೆ ತುಪ್ಪವೂ ಇದೆ.

ಈ ಸಂಕ್ರಾಂತಿಯ ದಿನ ಮಧ್ಯಾಹ್ನ ಅವರೆಕಾಯಿ, ಕಡಲೆಕಾಯಿ, ಗೆಣಸನ್ನು ಉಪ್ಪು ಹಾಕಿ ಒಂದೇ ಪಾತ್ರೆಯಲ್ಲಿ ಬೇಯಲಿಟ್ಟು, ಕುದಿ ಬಂದು ಕಾಲು ಗಂಟೆಯಾದ ಮೇಲೆ ಕಂಬಳಿ ಹೊದಿಸಿದೆ. ಮಗಳು ಹೊಸ ಲಂಗ ತೊಟ್ಟು ಎಳ್ಳು ಬೀರಲು ಹೊರಟಳು, ನಾನೂ ಜೊತೆಗೆ ನಡೆದೆ. ಹದಿನಾಲ್ಕು ಮನೆ ಸುತ್ತಿ ದೀಪ ಹಚ್ಚುವ ಹೊತ್ತಿಗೆ ಬಂದೆವು. ಅತ್ತೆ ಟ್ರಂಕಿನ ಪಕ್ಕದಲ್ಲೇ ಮಣೆ ಹಾಕಿ ಕುಳಿತಿದ್ದರು. ದಿಂಬು ಎತ್ತಿದಾಗ ಮುಖಕ್ಕೆ ಹಬೆ ಹೊಡೆಯಿತು. ಅವರು ಒಂದು ಕಾಯನ್ನು ತೆಗೆದು, ಬಿಸಿ ತಾಳಲಾರದೆ ಎರಡು ಕೈಗೂ ಬದಲಾಯಿಸುತ್ತಾ, ಕಾಳನ್ನು ಬಿಡಿಸಿ ಮೊದಲು ಮೊಮ್ಮಗಳ ಬಾಯಿಗೆ ಇಟ್ಟರು.