ಅಡ್ಡ ಬೆಳಕಿನಲ್ಲಿ ಶಾಸನ ತೋರಿಸಿದ ನನ್ನ ಅನುಭವ

ಗದಗ ಸುತ್ತಮುತ್ತ ದೊಡ್ಡವರಿಗೆ ಊರಿನ ಇತಿಹಾಸ ಹೇಳುವ ಗೆಳೆಯರು ಹಲವರಿದ್ದೀರಿ. ರಾತ್ರಿ ಹೊತ್ತು ಹಳೆಯ ಶಾಸನದ ಕಲ್ಲಿನ ಮುಂದೆ ನಿಂತು ಉಪನ್ಯಾಸ ಮಾಡ್ತೀನಿ ಅಂದಾಗ ನಿಮ್ಮಲ್ಲೇ ಕೆಲವರು ‘ಆ ಹೊತ್ತಿನ್ಯಾಗ ಯಾರ್ ಬರ್ತಾರ್ರಿ?’ ಅಂದಿದ್ದಿರಿ. ಜನ ಬಂದರು. ಈಗ ನಲವತ್ತು-ಐವತ್ತು ಮಂದಿ ಸೇರುವುದು ಮಾಮೂಲಾಗಿದೆ.

ಮೊದಲು ನಾನೂ ಎಲ್ಲರಂತೆ ಭಾನುವಾರ ಬೆಳಿಗ್ಗೆ ಸಭಾಭವನದಲ್ಲೇ ಮಾಡುತ್ತಿದ್ದೆ. ಬಾಡಿಗೆ, ಮೈಕು, ಪ್ರೊಜೆಕ್ಟರ್, ಆಮಂತ್ರಣ ಪತ್ರಿಕೆ, ಶಾಲು, ಹಾರ ಸೇರಿ ಒಂದು ಕಾರ್ಯಕ್ರಮಕ್ಕೆ ಆರೇಳು ಸಾವಿರ ಹೋಗುತ್ತಿತ್ತು. ಬರುತ್ತಿದ್ದವರು ಹದಿನೈದು ಜನ. ಅದರಲ್ಲಿ ಅರ್ಧ ಸಂಘಟಕರೇ. ರೈತರು ಹೊಲದಲ್ಲಿ, ಬೆಟಗೇರಿಯ ನೇಕಾರರು ಮಗ್ಗದ ಮೇಲೆ, ಹೆಣ್ಣುಮಕ್ಕಳು ವಾರದ ಬಟ್ಟೆ ಒಗೆಯುವುದರಲ್ಲಿ. ಊಟ ಇಟ್ಟರೆ ಬರ್ತಾರೆ ಅಂದರು, ಇಟ್ಟೆವು. ಮತ್ತೆ ನಾಲ್ಕು ಸಾವಿರ ಖರ್ಚಾಯಿತು. ಜನ ಊಟದ ಹೊತ್ತಿಗೇ ಬಂದರು. ಹೊರಗಿನಿಂದ ಒಬ್ಬ ವಿದ್ವಾಂಸರನ್ನು ಕಾರು ಮಾಡಿ ಕರೆಸಿದೆವು. ಅವರು ಚಾಲುಕ್ಯರ ವಂಶಾವಳಿಯನ್ನು ಒಂದೂವರೆ ತಾಸು ಹೇಳಿದರು. ಮುಗಿಯುವಾಗ ಹಿಂದಿನ ಕುರ್ಚಿಗಳೆಲ್ಲ ಖಾಲಿ. ಕೈಯಿಂದ ಹಾಕಿದ ದುಡ್ಡು ಆ ವರ್ಷ ಮೂವತ್ತು ಸಾವಿರ ದಾಟಿರಬೇಕು.

ಸವೆದ ಅಕ್ಷರದ ಮೇಲೆ ಪಕ್ಕದಿಂದ ಬೆಳಕು ಬಿದ್ದರೆ ಎದ್ದು ಕಾಣುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ನಾವೆಲ್ಲ ಅದನ್ನು ಫೋಟೊಕ್ಕೆ ಮಾತ್ರ ಬಳಸುತ್ತಿದ್ದೆವು. ಅದನ್ನೇ ಉಪನ್ಯಾಸ ಮಾಡಿದರೆ ಹೇಗೆ ಅನ್ನಿಸಿತು. ಪ್ರಾಚ್ಯವಸ್ತು ಇಲಾಖೆಯ ಗುಡಿಗಳನ್ನು ಸಂಜೆ ಮುಚ್ಚುತ್ತಾರೆ, ಅಲ್ಲಿ ಇದು ಆಗದು. ಆದರೆ ನಮ್ಮ ಹಳ್ಳಿಗಳಲ್ಲಿ ಹನಮಪ್ಪನ ಗುಡಿ ಪಕ್ಕ, ಅಗಸಿ (ಊರ ಬಾಗಿಲು) ಹತ್ತಿರ ಇಂಥ ಕಲ್ಲುಗಳಿಗೇನು ಬರ ಇಲ್ಲ. ಊಟ ಮುಗಿಸಿ ಎಂಟರ ಸುಮಾರಿಗೆ ಜನ ಹೇಗೂ ಕಟ್ಟೆಗೆ ಬರುತ್ತಾರೆ. ಎಂಟುನೂರು ರೂಪಾಯಿಯ ಎರಡು ಬ್ಯಾಟರಿ, ಒಂದು ಜಮಖಾನೆ, ಇಷ್ಟೇ ಸಾಮಾನು. ಕೊನೆಗೆ ಚಹಾ, ಚುರಮರಿ. ಈಗ ಒಂದು ರಾತ್ರಿಗೆ ಐದುನೂರು ದಾಟುವುದಿಲ್ಲ.

ಮೊದಲ ದಿನ ಶಾಸನ ಹಿಡಿಯಬೇಡಿ, ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನಿಲ್ಲಿಸಿದ ವೀರಗಲ್ಲು ಹಿಡಿಯಿರಿ. ಅದಕ್ಕೆ ಅಕ್ಷರ ಬರಬೇಕಿಲ್ಲ. ಬೀದಿ ದೀಪ ಆರಿಸಿ, ಕೆಳಗಿನ ಪಟ್ಟಿಯಿಂದ ಬೆಳಕು ಹಾಯಿಸುತ್ತಾ ಹೋಗಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ನಾನು ಹದಿನೈದಿಪ್ಪತ್ತು ನಿಮಿಷ ಸುಮ್ನೆ ಇರುತ್ತೇನೆ. ಒಂದು ಊರಲ್ಲಿ ಹಿರಿಯ ರೈತರೊಬ್ಬರು ಬಗ್ಗಿ ನೋಡಿ ‘ಸರ, ಇವು ದನ ಅಲ್ರೀ? ದನ ಹೊಡಕೊಂಡು ಹೊಂಟಾರ’ ಅಂದರು. ತುರುಗೋಳ್, ಅಂದರೆ ದನ ಹೊಡೆದೊಯ್ಯುವ ಕಾಳಗದ ಬಗ್ಗೆ ನಾನು ಹೇಳಬೇಕಾಗಿದ್ದ ಅರ್ಧ ಮಾತನ್ನು ಅವರೇ ಹೇಳಿಬಿಟ್ಟರು. ಜನರ ಬಾಯಿ ಬಿಡಿಸಲು ನಾನು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಕೇಳಿಸಿಕೊಳ್ಳಿ.

ಆಮೇಲೆ ಗುಡಿಗೋ ಮಠಕ್ಕೋ ಕೊಟ್ಟ ದಾನವನ್ನು ಬರೆದಿಟ್ಟ ದಾನಶಾಸನ. ಇಲ್ಲಿ ರಾಜನ ಬಿರುದು ಬಿಟ್ಟು ನೇರ ದಾನಕ್ಕೆ ಹೋಗಬೇಕು. ಎಷ್ಟು ಮತ್ತರು (ಆ ಕಾಲದ ಹೊಲದ ಅಳತೆ) ಭೂಮಿ, ಗುಡಿಯಲ್ಲಿ ಆರದೆ ಉರಿಯುವ ನಂದಾದೀವಿಗೆಗೆ ಯಾವ ಗಾಣದಿಂದ ಎಷ್ಟು ಎಣ್ಣೆ. ಹೊಲ, ಎಣ್ಣೆ, ತೆರಿಗೆ ಅಂದರೆ ಎಲ್ಲರ ಕಿವಿ ಚುರುಕಾಗುತ್ತದೆ. ದಾನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕ ಬಂದಾಗ ಹೆಣ್ಣುಮಕ್ಕಳು ಮತ್ತೊಮ್ಮೆ ಓದಿಸುತ್ತಾರೆ. ಕಲ್ಲಿನಲ್ಲಿ ಏನು ಬರೆದಿದೆ ಎಂಬ ಪಾಠ ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ನಾನು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಗೆ ಹೋಗಿ, ಬಾಂಬೆ-ಕರ್ನಾಟಕ ಶಾಸನಗಳ ಸಂಪುಟ ನೋಡಿ ಬರೆದುಕೊಂಡು ಬರುತ್ತೇನೆ.

ಹಿಟ್ಟು ಬಳಿದು ಅಕ್ಷರ ತೋರಿಸುವುದನ್ನೂ ಒಮ್ಮೆ ನೋಡಿದೆ. ಇರುವೆ ಮುತ್ತಿದವು, ಸಂದಿಯಲ್ಲಿ ಹಿಟ್ಟು ಕಚ್ಚಿಕೊಂಡಿತು. ಬಿಟ್ಟೆ. ಆಯಿಲ್ ಪೇಂಟ್ ಬಳಿದ ಕಲ್ಲುಗಳ ತಂಟೆಗೂ ಹೋಗಬೇಡಿ. ಕೆರೆದರೆ ಅಕ್ಷರವೂ ಹೋಗುತ್ತದೆ.

ಸ್ವಸಹಾಯ ಸಂಘದ ಅಕ್ಕಂದಿರಿಗಾಗಿ ಬೇರೆಯದೇ ಒಂದು ಮಾಡಿದೆ. ನಮ್ಮ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ (ರೈತರಿಗೆ ಸಾಲ ಕೊಡುವ) ಸಹಕಾರ ಸಂಘದ ಕಥೆ. ಸಹಕಾರ ಸಂಘಗಳ ಕಾಯ್ದೆ ಬಂದದ್ದೇ 1904ರಲ್ಲಿ, ಮರುವರ್ಷವೇ ನಮ್ಮ ಪಕ್ಕದ ಹಳ್ಳಿಯಲ್ಲಿ ಸಂಘ! ಆ ರಾತ್ರಿ ಮಾತು ಹತ್ತೂವರೆಯಾದರೂ ನಿಲ್ಲಲಿಲ್ಲ. ಬಡ್ಡಿ, ಜಾಮೀನು, ಬಾಕಿ ವಸೂಲಿ, ಎಲ್ಲ ಕೇಳಿದರು.

ಮುಂದೆ ಅವರೇ ದುಡ್ಡು ಕೂಡಿಸಿ ಲಕ್ಕುಂಡಿಗೆ ಹೊರಟರು. ಹಗಲಲ್ಲೇ, ಬಸ್ಸಿನಲ್ಲಿ. ಗದಗಿನಿಂದ ಹನ್ನೊಂದು-ಹನ್ನೆರಡು ಕಿಲೋಮೀಟರ್ ದೂರ. ದಾನಕ್ಕೆ ಹೆಸರಾದ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಜೈನ ಬಸದಿ ಬ್ರಹ್ಮಜಿನಾಲಯದ ಮುಂದೆ, ಆಕೆ ಕವಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ್ದನ್ನು ಹೇಳಿದೆ. ಬೆಟಗೇರಿಯ ನೇಕಾರ ಅಕ್ಕ ಒಬ್ಬರು ಕೇಳಿದರು: ‘ಅಷ್ಟು ಬರದವ್ರಿಗೆ ಕೂಲಿ ಏನ್ ಕೊಟ್ಟಿದ್ಲರೀ?’ ಸಭಾಭವನದಲ್ಲಿ ಅಂಥ ಪ್ರಶ್ನೆ ನನಗೆ ಒಮ್ಮೆಯೂ ಬಂದಿರಲಿಲ್ಲ.

ಅನುಮಾನಪಟ್ಟವರಲ್ಲಿ ಇಬ್ಬರು ಈಗ ತಮ್ಮ ಊರಿಗೆ ಕರೆದಿದ್ದಾರೆ. ಬರ್ತೀನಿ. ಶಾಲು-ಹಾರ ತರಬೇಡಿ, ಕುರ್ಚಿ ಹಾಕಬೇಡಿ. ಕಲ್ಲಿನ ಮೇಲೆ ಬೀಳುವ ಬೀದಿ ದೀಪಕ್ಕೆ ಸ್ವಿಚ್ ಎಲ್ಲಿದೆ ಅಂತ ಮಾತ್ರ ಮೊದಲೇ ಹುಡುಕಿಟ್ಟಿರಿ.