ಮಧ್ಯಾಹ್ನ ಶೂಟಿಂಗ್ ಇಲ್ಲ: ಕಡಿಮೆ ದುಡ್ಡಿನಲ್ಲಿ ಬಯಲಲ್ಲಿ ಹಾಡು ತೆಗೆದ ನನ್ನ ಅನುಭವ

"ಕೈಯಲ್ಲಿ ದುಡ್ಡಿಲ್ಲ ಅಂತೀಯ, ಮೂರು ದಿನ ಶೂಟಿಂಗ್ ಅಂತೀಯ. ತಲೆ ಸರಿ ಇದೆ ತಾನೇ?" ಹಾಡಿನ ವಿಡಿಯೊ ತೆಗೆಯುವ ಪ್ಲಾನ್ ಹೇಳಿದಾಗ ಕ್ಯಾಮೆರಾ ಗೆಳೆಯ ಕೇಳಿದ್ದು ಇದು. ಎಡಿಟ್ ಮಾಡುವವನೂ ಅವನ ಪಕ್ಷವೇ. ಈಗ ಹಾಡು ಮುಗಿದಿದೆ. ಹಿಂದಿನ ಹಾಡಿಗೆ 100 ಖರ್ಚಾಗಿದ್ದರೆ ಇದಕ್ಕೆ ಸುಮಾರು 60. ಮುಂದಿನದನ್ನೂ ಹೀಗೇ ಮಾಡೋಣ ಅಂತ ಈಗ ಆ ಕ್ಯಾಮೆರಾ ಗೆಳೆಯನೇ ಹೇಳುತ್ತಿದ್ದಾನೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಹಿಂದಿನ ಹಾಡನ್ನು ಎಲ್ಲರ ಹಾಗೆ ಒಂದೇ ದಿನದಲ್ಲಿ, ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಎಳೆದಿದ್ದೆ. ಬಾಡಿಗೆ ಒಂದೇ ದಿನದ್ದು, ಉಳಿತಾಯ ಅನ್ನೋ ಲೆಕ್ಕ. 11ರಿಂದ 3ರವರೆಗೆ ತೆಗೆದ ಶಾಟ್‌ಗಳಲ್ಲಿ ಗಾಯಕಿಯ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ. ಮೂಗಿನ ನೆರಳು ಮೇಲ್ತುಟಿಯ ಮೇಲೆ ಮೀಸೆಯ ಹಾಗೆ ಕೂತಿತ್ತು. ಅದನ್ನು ಸರಿಮಾಡಲು ಲೈಟು, ಲೈಟಿಗೆ ಜನರೇಟರ್, ಜನರೇಟರಿಗೆ ಗಾಡಿ. ನೆತ್ತಿಯ ಬಿಸಿಲಿನ ಮುಂದೆ ನಮ್ಮ ಲೈಟು ಉರಿಯುತ್ತಿದೆಯೋ ಇಲ್ಲವೋ ಅಂತ ಕೈ ಅಡ್ಡ ಹಿಡಿದು ನೋಡಬೇಕಾಯಿತು! ಖರ್ಚಿನ ಮೂರನೇ ಒಂದು ಪಾಲು ಅದಕ್ಕೇ ಹೋಯಿತು. ಕೊನೆಗೆ ಎಡಿಟ್‌ನಲ್ಲಿ ನಿಂತದ್ದು ಬೆಳಗ್ಗೆ 9ರೊಳಗಿನ ಮತ್ತು ಸಂಜೆ ನಾಲ್ಕೂವರೆ ನಂತರದ ಶಾಟ್‌ಗಳು ಮಾತ್ರ. ಜಾಸ್ತಿ ದುಡ್ಡು ಸುರಿದಿದ್ದು ಎಸೆದ ಶಾಟ್‌ಗಳಿಗೇ ಅಲ್ವಾ?

ಹಾಗಾಗಿ ಈ ಸಲ ಮೂರು ಬೆಳಗ್ಗೆ, ಎರಡು ಸಂಜೆ. ಬೆಳಗ್ಗೆ ಎರಡು ಗಂಟೆ, ಸಂಜೆ ಒಂದೂವರೆ. ಮಧ್ಯದಲ್ಲಿ ಎಲ್ಲರೂ ಅವರವರ ಕೆಲಸಕ್ಕೆ. ಲೈಟಿಲ್ಲ, ಜನರೇಟರ್ ಇಲ್ಲ, ಮೂರು ಹೊತ್ತಿನ ಊಟದ ಖರ್ಚೂ ಇಲ್ಲ. ಕ್ಯಾಮೆರಾ ಗೆಳೆಯನದೇ. ಬಾಡಿಗೆಗೆ ತಂದಿದ್ದು ಒಂದೇ ಒಂದು ಲೆನ್ಸ್. ಮೂರು ದಿನಕ್ಕೆ ಎರಡು ದಿನದ ಬಾಡಿಗೆ ಅಂತ ಚೌಕಾಸಿ ಮಾಡಿದೆ. ಓಡಾಟದ ಖರ್ಚು ಮಾತ್ರ ಹಿಂದಿನದಕ್ಕಿಂತ ಜಾಸ್ತಿಯಾಯಿತು, ಸುಳ್ಳು ಹೇಳಲ್ಲ.

ಶಾಟ್ ಪಟ್ಟಿಯನ್ನು ಪಲ್ಲವಿ, ಚರಣದ ಕ್ರಮದಲ್ಲಿ ಬರೆಯಲೇ ಇಲ್ಲ. ಸೂರ್ಯನ ಕ್ರಮದಲ್ಲಿ ಬರೆದೆ. ಒಂದು ವಾರ ಮೊದಲೇ ಒಬ್ಬನೇ ಹೋಗಿ, ಅದೇ ಹೊತ್ತಿಗೆ ನಿಂತು, ಎಲ್ಲಿಂದ ಬೆಳಕು ಬರುತ್ತೆ ಅಂತ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದೆ. ಸಂಜೆ ಎಷ್ಟು ಹೊತ್ತು ಉಳಿದಿದೆ ಅಂತ ನೋಡೋಕೆ ಕೈ ಚಾಚಿ ಸೂರ್ಯನಿಗೂ ದಿಗಂತಕ್ಕೂ ನಡುವೆ ಬೆರಳು ಅಡ್ಡ ಇಡೋದು. ಒಂದು ಬೆರಳಿಗೆ ಸುಮಾರು 15 ನಿಮಿಷ. ಹಳೇ ಉಪಾಯ, ಆದರೂ ಆ್ಯಪ್‌ಗಿಂತ ಬೇಗ ಆಗುತ್ತೆ. ಬೆಟ್ಟ ಅಡ್ಡ ಇದ್ದರೆ ಬೆಟ್ಟದ ತುದಿಯಿಂದ ಎಣಿಸಿ. ಮೊದಲ ಸಂಜೆ ಅದನ್ನು ಮರೆತು 20 ನಿಮಿಷ ಕಳೆದುಕೊಂಡೆ.

ಹಾಡು 3 ನಿಮಿಷ 40 ಸೆಕೆಂಡ್. ಒಂದು ಟೇಕಿಗೆ ಎಲ್ಲ ಸೇರಿ ಹತ್ತು ನಿಮಿಷ, ಎರಡು ಗಂಟೆಗೆ 12 ಟೇಕ್ ಅಂತ ಅಂದಾಜು ಮಾಡಿದ್ದೆ. ಸಿಕ್ಕಿದ್ದು ಎಂಟೋ ಒಂಬತ್ತೋ. ಇಬ್ಬನಿಗೆ ಗಾಯಕಿಯ ಲಂಗದ ಅಂಚು ಮೊಣಕಾಲಿನವರೆಗೆ ನೆನೆದಿತ್ತು. ಒಣಗಿದ ಮೇಲೆ ತೆಗೆದರೆ ಮೊದಲಿನ ಶಾಟಿಗೆ ಹೊಂದಲ್ಲ. ಪ್ರತಿ ಟೇಕಿಗೂ ಮುಂಚೆ ಬಾಟಲಿ ನೀರು ಚಿಮುಕಿಸಿ ನೆನೆಸಿದೆವು. ಅವಳ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ದೊಡ್ಡ ಏಟು ಬಿದ್ದಿದ್ದು ಲಿಪ್ ಸಿಂಕ್‌ನಲ್ಲಿ, ಅಂದರೆ ತುಟಿಯನ್ನು ಹಾಡಿಗೆ ಹೊಂದಿಸೋದರಲ್ಲಿ. ಹಾಡು ಹಾಕೋ ಸ್ಪೀಕರ್ ಗಾಯಕಿಯ ಪಕ್ಕದಲ್ಲಿ ಬಂಡೆಯ ಹಿಂದೆ, ಕ್ಯಾಮೆರಾ ಉದ್ದದ ಲೆನ್ಸ್ ಹಾಕಿಕೊಂಡು 35 ಮೀಟರ್ ದೂರದಲ್ಲಿ. ಕ್ಯಾಮೆರಾ ಮೈಕಿನ ಸದ್ದು ನೋಡಿ ಸಾಫ್ಟ್‌ವೇರ್ ತಾನೇ ಶಾಟನ್ನು ಮೂಲ ಹಾಡಿಗೆ ಜೋಡಿಸಿಕೊಟ್ಟಿತು. ನೋಡಿದರೆ ತುಟಿ ಮೊದಲು, ಹಾಡು ಆಮೇಲೆ. ಎರಡು ರಾತ್ರಿ ಗಾಯಕಿಯನ್ನೇ ಬೈದುಕೊಂಡೆ. ತಪ್ಪು ಅವಳದಲ್ಲ. ಸದ್ದು ಸೆಕೆಂಡಿಗೆ 340 ಮೀಟರ್ ಹೋಗುತ್ತೆ. ಅಷ್ಟು ದೂರದ ಕ್ಯಾಮೆರಾ ಮೈಕಿಗೆ ಬರೋಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ ಅದು ಎರಡೂವರೆ ಫ್ರೇಮ್. ಕ್ಲಿಪ್‌ಗಳು ಎರಡು ಅಥವಾ ಮೂರು ಫ್ರೇಮ್ ತಡವಾಗಿ ಬರುವ ಹಾಗೆ ಸರಿಸಿದೆ, ತುಟಿ ಕೂತಿತು. ಮೂರನೇ ದಿನ ಪ್ರತಿ ಟೇಕಿಗೂ ಹಾಡಿನ ಮೊದಲ ತಾಳಕ್ಕೆ ಸ್ಪೀಕರ್ ಪಕ್ಕದಲ್ಲೇ ಚಪ್ಪಾಳೆ ಹೊಡೆಸಿದೆ. ಕೈ ಸೇರಿದ ಫ್ರೇಮ್ ನೋಡಿ ಜೋಡಿಸಿದರಾಯಿತು.

ಸ್ಲೋ ಮೋಷನ್‌ಗೆ ಮೊದಲು ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ 48 ಫ್ರೇಮಿನಲ್ಲಿ ತೆಗೆದೆ. ಗಾಯಕಿಯ ತುಟಿ ಓಡಲಿಲ್ಲ, ಮುಖದಲ್ಲಿ ಭಾವನೆ ಬದಲು ಗಾಬರಿ. 30 ಫ್ರೇಮಿಗೆ ಇಳಿದು ಹಾಡನ್ನು ಒಂದೂಕಾಲು ಪಟ್ಟು ಮಾಡಿದೆ. 24ರಲ್ಲಿ ಓಡಿಸಿದಾಗ ಕೂದಲು, ಬಟ್ಟೆ ಸ್ವಲ್ಪ ತೇಲಿದ ಹಾಗೆ ಕಾಣುತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ಗಾಯಕಿಗೆ ಆ ವೇಗದ ಫೈಲನ್ನು ವಾರ ಮೊದಲೇ ಕೊಡಿ.

ಬೆಳಕಿಗೆ ನಮ್ಮ ಬಂಡವಾಳ ಒಂದು ಥರ್ಮಾಕೋಲ್ ಹಾಳೆ. ಸೂರ್ಯ ಅವಳ ಬೆನ್ನಿಗೆ, ಹಾಳೆ ಮುಖಕ್ಕೆ. ಎರಡನೇ ದಿನ ಗಾಳಿಗೆ ಎರಡು ತುಂಡಾಯಿತು. ಸುಮ್ನೆ ನೋಡೋಣ ಅಂತ ಮನೆಯ ಕನ್ನಡಿ ತಂದೆ. ಅವಳು ಕಣ್ಣೇ ಬಿಡಲಿಲ್ಲ. ಕನ್ನಡಿಯ ಬೆಳಕನ್ನು ಬಿಳಿ ಪಂಚೆಯ ಮೂಲಕ ಹಾಯಿಸಿದೆ. ಥರ್ಮಾಕೋಲ್‌ಗಿಂತ ಚೆನ್ನಾಗಿ ಬಂತು! ಹೊಗೆಯೂ ಹಾಕಿ ನೋಡಿದೆ. ಸೂರ್ಯ ಹುಟ್ಟುವ ಮುಂಚೆ ತಗ್ಗಿನಲ್ಲಿ ಗಾಳಿ ನಿಂತಿರುತ್ತೆ, ಆಗ ಹತ್ತು ನಿಮಿಷ ನಿಂತಿತು. ಆಮೇಲೆ ಹಾಕಿದ್ದೆಲ್ಲ ಗಾಳಿಪಾಲು. ಅಗ್ಗದ ವೇರಿಯಬಲ್ ಎನ್‌ಡಿ (ಲೆನ್ಸಿನ ಮುಂದೆ ಹಾಕಿ ತಿರುಗಿಸಿ ಬೆಳಕು ಕಡಿಮೆ ಮಾಡೋ ಫಿಲ್ಟರ್) ತಗೊಳ್ಳಬೇಡಿ. ವೈಡ್ ಶಾಟಿನ ಆಕಾಶದಲ್ಲಿ ಕಪ್ಪು ಗುಣಾಕಾರ ಚಿಹ್ನೆ ಬಂದು ಒಂದು ಬೆಳಗ್ಗೆ ಅರ್ಧ ಹಾಳಾಯಿತು.

ಕೊನೆಯ ಶಾಟಿನಲ್ಲಿ ಫ್ಯಾನ್ ಇಲ್ಲದೆ ಕೂದಲು ಒಂದೇ ಕಡೆ ಹಾರಿದ್ದು ಹೇಗೆ ಅಂತ ತುಂಬಾ ಜನ ಕೇಳಿದರು. ಮುಂದಿನ ಹಾಡಿಗೂ ಬೇಕು, ಸದ್ಯಕ್ಕೆ ಹೇಳಲ್ಲ.

ಉಳಿದ ದುಡ್ಡು ವಿಡಿಯೊದ ಬಣ್ಣ ಸರಿಮಾಡುವವನಿಗೆ ಹೋಯಿತು. ಎರಡನೇ ಚರಣದಲ್ಲಿ ಬಂಡೆಯ ಪಕ್ಕ ಸ್ಪೀಕರಿನ ಮೂಲೆ ಇಣುಕುತ್ತೆ. ಅದನ್ನು ಅಳಿಸಲು ಅವನು ಬೇರೆ ದುಡ್ಡು ಕೇಳಿದ. ಹಾಗೇ ಬಿಟ್ಟಿದ್ದೇನೆ.