ಕೌಲಾಲಂಪುರಕ್ಕೆ ಬರುವ ನಮ್ಮ ಕಡೆಯವರೇ, ಮಕ್ಕಳನ್ನು ಐಸ್ ಹಾಕಿಗೆ ಕರೆತನ್ನಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಬರುವವರು ಮೊದಲು ಕೇಳುವುದು ಮನೆ, ಶಾಲೆ, ಜೋಳದ ಹಿಟ್ಟು. ವೀಸಾ ಕಾಗದಪತ್ರವನ್ನು ಕಂಪನಿಯವರು ಹೇಳಿದಂತೆ ಮುಗಿಸಿ. ನಾನು ಹೇಳಬೇಕಾಗಿರುವುದು ಮಕ್ಕಳ ಸಂಜೆಯ ಬಗ್ಗೆ.

ಊರಲ್ಲಿ ಆಟಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಓಣಿಯಲ್ಲಿ ನಾಲ್ಕು ಹುಡುಗರು ಸೇರಿದರೆ ಸಾಕು, ಲಗೋರಿ ಶುರು. ಇಲ್ಲಿ ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಮಗು ಒಂಟಿಯಾಗಿ ಕೂತಿರುತ್ತದೆ. ಆ ಓಣಿ ಇಲ್ಲಿ ಸಿಗುವುದಿಲ್ಲ. ನಮ್ಮ ಮಕ್ಕಳಿಗೆ ಗೆಳೆಯರು ಸಿಕ್ಕಿದ್ದು ಐಸ್ ಮೇಲೆ.

ಈ ಸೆಕೆಯಲ್ಲಿ ಐಸ್ ಹಾಕಿನಾ ಅನ್ನಬೇಡಿ. ಸನ್‌ವೇ ಪಿರಮಿಡ್ ಮಾಲ್‌ನಲ್ಲಿ 1997ರಲ್ಲೇ ರಿಂಕ್, ಅಂದರೆ ಐಸಿನ ಅಂಗಳ, ಶುರುವಾಯಿತು. 2017ರ ಆಗ್ನೇಯ ಏಷ್ಯಾ ಕ್ರೀಡಾಕೂಟ ಇಲ್ಲಿ ನಡೆದಾಗ ಐಸ್ ಹಾಕಿಯೂ ಮೊದಲ ಸಲ ಸೇರಿತು. ಚಿನ್ನ ಗೆದ್ದದ್ದು ಫಿಲಿಪ್ಪೀನ್ಸ್. ಅಲ್ಲೂ ಹಿಮ ಬೀಳುವುದಿಲ್ಲ!

ಕಾಂಕ್ರೀಟ್ ನೆಲದೊಳಗಿನ ಪೈಪುಗಳಲ್ಲಿ ತುಂಬಾ ತಣ್ಣಗಿನ ದ್ರವ ಹರಿಸಿ, ಮೇಲೆ ನೀರನ್ನು ಪದರ ಪದರವಾಗಿ ಹೆಪ್ಪುಗಟ್ಟಿಸುತ್ತಾರೆ. ಹೊರಗಿನ ತೇವದ ಗಾಳಿ ನುಗ್ಗಿದರೆ ಐಸ್ ಮೇಲೆ ಮಂಜು ಕವಿಯುತ್ತದೆ. ತೇವ ಹೀರುವ ಯಂತ್ರವೂ ಓಡುತ್ತಿರಬೇಕು. ವರ್ಷವಿಡೀ ಕರೆಂಟು ಬೇಕು, ಹಾಗಾಗಿ ರಿಂಕಿನ ಬಾಡಿಗೆ ಜಾಸ್ತಿ, ಅದೂ ಗಂಟೆ ಲೆಕ್ಕ. ಮನೆಗಳು ಹೆಚ್ಚಿದ್ದರೆ ಹಂಚಿಕೊಂಡು ಹಗುರವಾಗುತ್ತದೆ. ಕಡಿಮೆಯಾದರೆ ತಂಡವೇ ನಿಲ್ಲುತ್ತದೆ. ಅದಕ್ಕೇ ಹೊಸ ಮಗು ಒಂದು ಬಂದರೂ ಎಲ್ಲರಿಗೂ ಖುಷಿ. ಕನ್ನಡದವರು ಇನ್ನೊಬ್ಬರು ಸೇರಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ.

ಬೆಳೆಯುವ ಮಕ್ಕಳು ಅಂತ ಊರಲ್ಲಿ ದೊಡ್ಡ ಸೈಜಿನ ಬೂಟು ಕೊಡಿಸುತ್ತೇವೆ, ಅಲ್ವಾ? ಸ್ಕೇಟ್, ಅಂದರೆ ಐಸ್ ಮೇಲೆ ಜಾರಲು ಅಡಿಯಲ್ಲಿ ಬ್ಲೇಡ್ ಇರುವ ಬೂಟು, ಅದರ ವಿಷಯದಲ್ಲಿ ಹಾಗೆ ಬೇಡ. ಸಡಿಲವಿದ್ದರೆ ಹಿಮ್ಮಡಿ ಒಳಗೇ ಜಾರಿ ಕಣಕಾಲು ವಾಲುತ್ತದೆ. ತಂಡದ ದೊಡ್ಡ ಮಕ್ಕಳು ಹಾಕಿಬಿಟ್ಟ ಸ್ಕೇಟ್ ತಗೊಳ್ಳಿ. ನಿಮ್ಮ ಮಗುವಿಗೆ ಬಿಗಿಯಾದಾಗ ಮುಂದಿನವರಿಗೆ ಕೊಡಿ. ಹೆಲ್ಮೆಟ್ ಮಾತ್ರ ಹೊಸದೇ ಇರಲಿ. ಚೆಂಡಿನ ಬದಲು ಹೊಡೆಯುವ ಪಕ್ ಅನ್ನುವುದು 150 ಗ್ರಾಂಗೂ ಹೆಚ್ಚು ತೂಕದ ಗಟ್ಟಿ ರಬ್ಬರು.

ಮಗುವನ್ನು ಬಿಟ್ಟು ಮಾಲ್ ಸುತ್ತಲು ಹೋಗಬೇಡಿ. ಬೇರೆಯವರ ಮಕ್ಕಳಿಗೂ ಲೇಸ್ ಬಿಗಿದು ಕಟ್ಟಿ, ನೀರಿನ ಬಾಟಲಿ ತುಂಬಿಸಿ. ಮಲಯ್, ಚೀನೀ ಮನೆಯವರ ಗುರುತಾಗುವುದು ಆ ಬೆಂಚಿನ ಹತ್ತಿರವೇ. ವಗ್ಗರಣಿ, ಮಿರ್ಚಿ ಒಯ್ಯಿರಿ. ಮುಂದಿನ ವಾರ ಅವರೇ ಕೇಳುತ್ತಾರೆ.

ಹೋಗಿ ಬರುವಾಗ ಕಾರಿನಲ್ಲಿ ಕನ್ನಡವೇ ಇರಲಿ. ಗೋಲು ಹೊಡೆದ ಸುದ್ದಿಯನ್ನು ಫೋನಿನಲ್ಲಿ ಅಜ್ಜಿಗೆ ಹೇಳುವಾಗ ನನ್ನ ಮಗಳು ಅರ್ಧಕ್ಕೆ ನಿಲ್ಲುತ್ತಾಳೆ, ಮಾತು ಸಿಗುವುದಿಲ್ಲ. ನಾನು ಪೂರ್ತಿ ಮಾಡುತ್ತೇನೆ. ಅದು ನನಗೆ ತುಂಬಾ ನೋವು ಕೊಡುತ್ತದೆ. ಅವಳ ಖುಷಿ ಅವಳ ಬಾಯಿಂದಲೇ ಅಜ್ಜಿಗೆ ಮುಟ್ಟಬೇಕು.

ನಮ್ಮ ದೇಶದವರೂ ಆಡುತ್ತಾರಾ ಅಂತ ಮಕ್ಕಳು ಕೇಳುತ್ತಾರೆ. 2025ರಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿದ್ದನ್ನು ಹೇಳಿ. ಬಹುತೇಕರು ಲಡಾಖ್ ಹುಡುಗಿಯರು.

ರಜೆಗೆ ಬಳ್ಳಾರಿಗೆ ಹೋಗುವಾಗ ಸ್ಟಿಕ್ ಒಯ್ಯಿರಿ. ಬಿಸಿಲೇರುವ ಮುಂಚೆ ಮಾಳಿಗೆ ಮೇಲೆ ಟೆನಿಸ್ ಬಾಲ್ ಹಾಕಿ ಆಡಬಹುದು. ಚಿಕ್ಕಪ್ಪನ ಮಕ್ಕಳೂ ಕೇಳುತ್ತಾರೆ, ಎರಡು ಸ್ಟಿಕ್ ಜಾಸ್ತಿ ಇಟ್ಟುಕೊಳ್ಳಿ.